ಚಕ್ಕೆ ಏಳುವವರೆಗೆ

ನಾನು ಶಾಲೆಯಿಂದ ನಿವೃತ್ತನಾದದ್ದು 2018ರಲ್ಲಿ. ಅದಾದ ಮೊದಲ ತಿಂಗಳಲ್ಲೇ ನಮ್ಮ ಮನೆಯ ಹಿತ್ತಲಲ್ಲಿ ಎರಡು ಬುಟ್ಟಿ ಜಲ್ಲಿ ಬಿದ್ದಿತ್ತು. ಮನೆ ಕಟ್ಟಿಸಲು ತರಿಸಿದ್ದಲ್ಲ, ನಾನೇ ಒಡೆದದ್ದು. ಆದಿಮಾನವ ಮಾಡಿದಂಥ ಒಂದು ಕೈಗೊಡಲಿ ಮಾಡಬೇಕೆಂದು ಕೂತು ಅರುವತ್ತು ಕಲ್ಲುಗಳನ್ನು ಪುಡಿ ಮಾಡಿದ್ದೆ. ಉಳಿದದ್ದು ಹೆಬ್ಬೆರಳಿನ ಗಾಯ ಮಾತ್ರ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ, "ಮೇಷ್ಟ್ರೇ, ಜಲ್ಲಿ ಬೇಕಿದ್ರೆ ಹೇಳ್ರಿ. ನಮ್ ತಮ್ಮನ ಟ್ರ್ಯಾಕ್ಟರ್ ಐತಿ, ಒಂದು ಲೋಡ್ ಹಾಕಿಸ್ತೀನಿ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಪಾಪ, ನಿಜವಾಗಿಯೂ ಮರುಕಪಟ್ಟಿದ್ದರು.

ಈಗ ಏಳೆಂಟು ವರ್ಷಗಳಾಗಿವೆ. ಇಂದಿಗೂ ನಾನು ಈ ವಿದ್ಯೆಯಲ್ಲಿ ನಿಪುಣನಲ್ಲ. ಆದರೆ ಹತ್ತು ಏಟು ಹಾಕಿದರೆ ಏಳು ಚಕ್ಕೆಗಳು ನಾನು ಎಣಿಸಿದ ಕಡೆಯೇ ಏಳುತ್ತವೆ. ಹೊಸದಾಗಿ ಕಲಿಯಲು ಹೊರಟವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಮೂರನೇ ದಿನಕ್ಕೆ ಅವರಲ್ಲಿ ಅರ್ಧ ಜನ ಕಾಣೆಯಾಗುತ್ತಾರೆ. ಹಾಗೆ ಕಾಣೆಯಾಗುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಹುಚ್ಚು ಹಿಡಿಸಿದವನು ಎಂಟನೇ ತರಗತಿಯ ಒಬ್ಬ ಹುಡುಗ. ನಾನು ಬಳ್ಳಾರಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಮಕ್ಕಳನ್ನು ಸಂಗನಕಲ್ಲಿನ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಶಿಲಾಯುಗದ ಆಯುಧವನ್ನು ಗುರುತಿಸಿದ್ದು, ಆಮೇಲೆ ನಮ್ಮ ಬಳ್ಳಾರಿ ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ನೆಲೆಗಳನ್ನು ಬೆಳಕಿಗೆ ತಂದದ್ದು, 1964-65ರಲ್ಲಿ ಝಡ್.ಡಿ. ಅನ್ಸಾರಿ ಮತ್ತು ಎಂ.ಎಸ್. ನಾಗರಾಜ ರಾವ್ ಅವರು ಇಲ್ಲಿ ಉತ್ಖನನ ನಡೆಸಿದ್ದು ಇವೆಲ್ಲ ನನಗೆ ಬಾಯಿಪಾಠ. ಅಂದು ಒಂದು ಕಲ್ಲಿನ ಕೊಡಲಿಯ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದಾಗ ಆ ಹುಡುಗ ಎದ್ದು ನಿಂತ.

"ಸಾರ್, ಇದನ್ನ ಹೆಂಗ್ ಮಾಡಿದ್ರು?"

"ಕಲ್ಲಿನಿಂದ ಕಲ್ಲಿಗೆ ಹೊಡೆದು."

"ಹಂಗಾದ್ರೆ ನೀವೊಂದು ಮಾಡಿ ತೋರ್ಸಿ ಸಾರ್."

ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೆ ಕಾರಣ ಆ ಹುಡುಗನಿಗೆ ಗೊತ್ತಿರಲಿಲ್ಲ. ನಾನು ಕಲ್ಲು ಒಡೆಯುವವರ ಮಗ. ಮೂವತ್ತು ವರ್ಷ ಕಲ್ಲಿನ ಯುಗದ ಪಾಠ ಮಾಡಿದ ಈ ಕಲ್ಲು ಒಡೆಯುವವರ ಮಗನಿಗೆ ಒಂದು ಕಲ್ಲು ಒಡೆಯಲು ಬರುತ್ತಿರಲಿಲ್ಲ.

ನಮ್ಮ ಅಬ್ಬಾ ನಾನು ಚಿಕ್ಕವನಿದ್ದಾಗ ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಓಣಿ ಓಣಿ ತಿರುಗಿ ಬೀಸುವ ಕಲ್ಲಿಗೆ, ಒರಳಿಗೆ ಮುಳ್ಳು ಹಾಕುತ್ತಿದ್ದರು. ಹಿಟ್ಟಿನ ಗಿರಣಿ, ಮಿಕ್ಸಿಗಳು ಬಂದ ಮೇಲೆ ಆ ಕೆಲಸ ಕಡಿಮೆಯಾಗಿ ಕ್ವಾರಿಗೆ ಹೋಗತೊಡಗಿದರು. ಸಂಜೆ ಬರುವಾಗ ರೆಪ್ಪೆಯ ಮೇಲೆ, ಮೀಸೆಯ ಮೇಲೆಲ್ಲ ಬಿಳಿ ಹುಡಿ. "ಅಬ್ಬಾ ಮುದುಕರಾಗಿ ಬಂದ್ರು" ಎಂದು ನಾವು ಮಕ್ಕಳು ನಗುತ್ತಿದ್ದೆವು. ಅವರು ಮುಖ ತೊಳೆದುಕೊಂಡರೆ ಮತ್ತೆ ಹರೆಯ ಬರುತ್ತಿತ್ತು. ಕೊನೆಕೊನೆಗೆ ಮುಖ ತೊಳೆದುಕೊಂಡರೂ ಬರಲಿಲ್ಲ. ಕೆಮ್ಮು ಶುರುವಾಗಿತ್ತು. ಕ್ಷಯವೆಂದು ಔಷಧಿ ಕೊಟ್ಟರು, ತಿಂಗಳುಗಟ್ಟಲೆ ನುಂಗಿದರು. ಕಡೆಗೊಮ್ಮೆ ಒಬ್ಬ ಡಾಕ್ಟರು "ಇವರು ಏನು ಕೆಲಸ ಮಾಡ್ತಿದ್ರು?" ಎಂದು ಕೇಳಿದರು. ಅದುವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತರೆ ಅಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ, ಅದಿದ್ದವರಿಗೆ ಕ್ಷಯವೂ ಬೇಗ ತಗಲುತ್ತದೆ ಎಂದು ತಿಳಿಸಿ ಹೇಳಿದರು. ಹೊತ್ತು ಮೀರಿತ್ತು. 1987ರಲ್ಲಿ ಅಬ್ಬಾ ತೀರಿಕೊಂಡರು. ವಯಸ್ಸು ಐವತ್ನಾಲ್ಕು.

ಅವರು ಬದುಕಿರುವಷ್ಟು ದಿನ ನನ್ನನ್ನು ಸುತ್ತಿಗೆ ಮುಟ್ಟಗೊಡಲಿಲ್ಲ. "ನಿನ್ನ ಕೈಗೆ ಸೀಮೆಸುಣ್ಣದ ಹುಡಿ ಹತ್ತಲಿ. ಕಲ್ಲಿನ ಹುಡಿ ನನ್ನ ಕೈಗೇ ಸಾಕು" ಎನ್ನುತ್ತಿದ್ದರು. ಅವರ ಮಾತಿನಂತೆಯೇ ನಡೆದೆ. ಅದರ ಜೊತೆಗೆ ಇನ್ನೊಂದನ್ನೂ ಮಾಡಿದೆ, ಅದು ಅವರು ಹೇಳಿದ್ದಲ್ಲ. ಶಾಲೆಯಲ್ಲಿ ಯಾರಾದರೂ ತಂದೆಯ ಕಸುಬು ಕೇಳಿದರೆ "ಕಂಟ್ರಾಕ್ಟರ್ ಹತ್ರ ಕೆಲಸ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ.

ಹಾಗಾಗಿ ನಿವೃತ್ತಿಯ ನಂತರ ನಾನು ಕಲ್ಲು ಹಿಡಿದು ಕೂತದ್ದು ಬರೀ ಹವ್ಯಾಸಕ್ಕಲ್ಲ. ಬಾಕಿಯಿದ್ದ ಒಂದು ಲೆಕ್ಕ ತೀರಿಸುವುದಿತ್ತು.

ಪುರಾತತ್ವ ಓದುತ್ತಿದ್ದ ಸಂಶೋಧನಾ ವಿದ್ಯಾರ್ಥಿಯೊಬ್ಬ ಒಮ್ಮೆ ನಮ್ಮೆದುರು ಒಂದು ಚಕ್ಕೆ ಎಬ್ಬಿಸಿ ತೋರಿಸಿದ. ಎಡಗೈಯಲ್ಲಿ ಮುಷ್ಟಿಗಾತ್ರದ ಕಲ್ಲು, ಬಲಗೈಯಲ್ಲಿ ಉರುಟಾದ ಇನ್ನೊಂದು ಕಲ್ಲು. ದೊಡ್ಡ ಏಟೇನೂ ಅಲ್ಲ, ಬಾಗಿಲು ತಟ್ಟಿದಷ್ಟೇ ಜೋರು. 'ಟಿಣ್' ಎಂದಿತು. ಅವನ ಅಂಗೈಗೆ ವೀಳ್ಯದೆಲೆಯಷ್ಟು ಅಗಲದ ತೆಳು ಚಕ್ಕೆಯೊಂದು ಬಿತ್ತು. ಅದರ ಅಂಚಿನಿಂದ ಒಂದು ಹಾಳೆಯನ್ನು ಸೀಳಿ ತೋರಿಸಿದ. ಬ್ಲೇಡಿನಲ್ಲಿ ಸೀಳಿದಂತಿತ್ತು. ಅರುವತ್ತು ಕಲ್ಲು ಪುಡಿ ಮಾಡಿದವನಿಗೆ ಅದೊಂದು ಕಣ್ಕಟ್ಟಿನಂತೆ ಕಂಡಿತು. "ಸರ್, ನೀವು ಹೊಡೀತಾ ಇದ್ದೀರಿ. ಹೊಡೀಬೇಡಿ. ಎಲ್ಲಿ ಬಿಡಿಸ್ಬೇಕು ಅಂತ ನೋಡಿ" ಎಂದ. ನನ್ನ ಮೊದಲ ಪಾಠ ಅದು.

ಯಾವ ಕಲ್ಲು ಚಕ್ಕೆ ಕೊಡುತ್ತದೆ ಎಂಬುದು ಎರಡನೆಯ ಪಾಠ. ಮರಕ್ಕೆ ಎಳೆಯಿದೆ, ಅದು ಎಳೆಯ ಉದ್ದಕ್ಕೇ ಸೀಳುತ್ತದೆ. ನಮ್ಮ ಬಳ್ಳಾರಿಯ ಗ್ರಾನೈಟಿನಲ್ಲಿ ದಪ್ಪ ಹರಳುಗಳಿವೆ, ಅದು ಹರಳಿನ ಗಡಿಗಳಲ್ಲಿ ಉದುರುತ್ತದೆ. ಆದರೆ ಚಕಮಕಿ ಕಲ್ಲು, ಅಗೇಟು, ಗಾಜು ಇವುಗಳ ಒಳಗೆ ಎಲ್ಲ ದಿಕ್ಕಿಗೂ ಒಂದೇ ಹದ. ಕಿಟಕಿಯ ಗಾಜಿಗೆ ಗೋಲಿ ಬಡಿದಾಗ ನೋಡಿರಬಹುದು, ಹೊರಗೆ ಸಣ್ಣ ತೂತು, ಒಳಗಡೆ ಅಗಲವಾದ ಬಿಲ್ಲೆಯೊಂದು ಎದ್ದು ಬಿದ್ದಿರುತ್ತದೆ. ಏಟಿನ ಶಕ್ತಿ ಶಂಕುವಿನ ಆಕಾರದಲ್ಲಿ ಒಳಗೆ ಹರಡುವುದರಿಂದ ಹಾಗಾಗುತ್ತದೆ. ಕಲ್ಲಿನ ಅಂಚಿಗೆ ಏಟು ಬಿದ್ದಾಗ ಆ ಶಂಕುವಿನ ಒಂದು ಹೋಳು ಚಕ್ಕೆಯಾಗಿ ಹೊರಬರುತ್ತದೆ. ಚಕ್ಕೆಯ ಒಳಮೈ ನೋಡಿದರೆ ಏಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು, ಅಲ್ಲಿಂದ ಮುಂದೆ ಕೆರೆಗೆ ಹರಳು ಎಸೆದಾಗ ಏಳುವಂಥ ಅಲೆಗಳು ಕಾಣುತ್ತವೆ. ಮಳೆಗೆ, ಬಿಸಿಲಿಗೆ ತಾನಾಗಿ ಒಡೆದ ಕಲ್ಲನ್ನೂ ಮನುಷ್ಯ ಒಡೆದ ಕಲ್ಲನ್ನೂ ಪುರಾತತ್ವದವರು ಬೇರೆ ಮಾಡಿ ಗುರುತಿಸುವುದು ಮುಖ್ಯವಾಗಿ ಇಂಥ ಗುರುತುಗಳಿಂದಲೇ.

'ಚಕಮಕಿ' ಎಂಬ ಮಾತೇ ತುರ್ಕಿಯಿಂದ ಪಾರಸಿಯ ಹಾದಿಯಲ್ಲಿ ನಮ್ಮಲ್ಲಿಗೆ ಬಂದದ್ದು. ಉಕ್ಕಿನ ತುಂಡಿಗೆ ತಾಗಿಸಿ ಕಿಡಿ ಹಾರಿಸುವ ಕಲ್ಲು. ಬೆಂಕಿಪೊಟ್ಟಣ ಬರುವ ಮುಂಚೆ ಜನ ಅದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಟಿಪ್ಪುವಿನ ಕಾಲದ ಬಂದೂಕುಗಳಲ್ಲೂ ಕುದುರೆಯ ಬಾಯಲ್ಲಿ ಇಂಥ ಕಲ್ಲಿನ ತುಂಡೇ ಇರುತ್ತಿತ್ತು.

ಕಲಿಯುವವರು ಮೊದಲ ದಿನವೇ ಚಕಮಕಿ ಕಲ್ಲು ಹುಡುಕಿಕೊಂಡು ಹೋಗಬೇಕಾಗಿಲ್ಲ. ದಪ್ಪ ಗಾಜಿನ ಬಾಟಲಿಯ ತಳ ಸಾಕು. ಒಡೆದ ವಾಶ್‌ಬೇಸಿನ್ನಿನ ಚೂರೂ ಆಗುತ್ತದೆ. ಇದರಲ್ಲಿ ನಾಚಿಕೆಪಡಬೇಕಾದ್ದಿಲ್ಲ. 1911ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಶಿ ಎಂದು ಕರೆಯಲಾದ ಒಬ್ಬ ಮೂಲನಿವಾಸಿ ಕಾಡಿನಿಂದ ಹೊರಬಂದ. ಅವನ ಜನರೆಲ್ಲ ಅಳಿದುಹೋಗಿದ್ದರು. ಬದುಕಿನ ಉಳಿದ ವರ್ಷಗಳನ್ನು ಅವನು ಸಾನ್‌ಫ್ರಾನ್ಸಿಸ್ಕೊದ ಮ್ಯೂಸಿಯಮ್ಮಿನಲ್ಲಿ ಕಳೆದು 1916ರಲ್ಲಿ ಕ್ಷಯದಿಂದ ತೀರಿಕೊಂಡ. ನೋಡಲು ಬಂದವರ ಮುಂದೆ ಅವನು ಮಾಡಿದ ಬಾಣದ ಮೊನೆಗಳಲ್ಲಿ ಎಷ್ಟೋ ಬಾಟಲಿ ಗಾಜಿನವು. ಅವು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತವೆ.

ಮೂರನೆಯ ಪಾಠ ಅಂಚಿನದು. ನೀವು ಏಟು ಹಾಕುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಪಕ್ಕದ ಮೈಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. ಅದಕ್ಕಿಂತ ಹೆಚ್ಚಿದ್ದರೆ ಭೀಮ ಬಂದು ಹೊಡೆದರೂ ಚಕ್ಕೆ ಏಳುವುದಿಲ್ಲ, ಕಲ್ಲು ಬಿರುಕು ಬಿಡುತ್ತದೆ ಅಷ್ಟೇ. ನನ್ನ ಮೊದಲ ಅರುವತ್ತು ಕಲ್ಲುಗಳಲ್ಲಿ ಬಹುಪಾಲು ಜಲ್ಲಿಯಾದದ್ದು ಇದೊಂದು ಗೊತ್ತಿಲ್ಲದೆ. ಹೊಡೆಯುವ ಮುನ್ನ ಅಂಚನ್ನು ಒರಟು ಕಲ್ಲಿನಿಂದ ಸ್ವಲ್ಪ ಉಜ್ಜಬೇಕು. ತೆಳುವಾದ ಅಂಚು ಏಟು ತಾಳದೆ ಪುಡಿಯಾಗುತ್ತದೆ, ಉಜ್ಜಿದ ಅಂಚು ತಾಳಿಕೊಳ್ಳುತ್ತದೆ. ಚಕ್ಕೆ ಉದ್ದ ಬೇಕೆಂದರೆ ಪಕ್ಕದ ಮೈಯಲ್ಲಿ ಏಣು ಎಲ್ಲಿದೆ ನೋಡಿ ಅದರ ನೇರಕ್ಕೆ ಹೊಡೆಯಬೇಕು. ನೀರು ಕಾಲುವೆ ಹಿಡಿದು ಹೋಗುವ ಹಾಗೆ ಒಡಕು ಏಣನ್ನು ಹಿಡಿದು ಹೋಗುತ್ತದೆ. ಕಣ್ಣು ಸುತ್ತಿಗೆಕಲ್ಲಿನ ಮೇಲಿರಬಾರದು, ಏಟು ಬೀಳುವ ಬಿಂದುವಿನ ಮೇಲಿರಬೇಕು. ಏಟು ಬಿದ್ದ ಕೂಡಲೇ ಕೈ ತಡೆಯಬಾರದು, ಹೋದಷ್ಟು ದೂರ ಹೋಗಲಿ.

ಇಷ್ಟೆಲ್ಲ ಮಾಡಿದರೂ ತಪ್ಪುತ್ತದೆ. ಒಮ್ಮೆ ಚಕ್ಕೆ ಅರ್ಧ ದಾರಿಯಲ್ಲೇ ತುಂಡಾಗಿ ಕಲ್ಲಿನ ಮೇಲೆ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ. ಇನ್ನೊಮ್ಮೆ ಹೊರಕ್ಕೆ ಬಾಗಿ ದುಂಡಗೆ ಮುಗಿದುಬಿಡುತ್ತದೆ. ಇಂಥ ಒಂದು ಮೆಟ್ಟಿಲು ಬಂತೆಂದರೆ ಮುಂದಿನ ಚಕ್ಕೆಯೂ ಅಲ್ಲೇ ನಿಲ್ಲುತ್ತದೆ, ಅದರ ಮುಂದಿನದೂ ಅಲ್ಲೇ. ಸಿಟ್ಟು ಬಂದು ಜೋರಾಗಿ ಹೊಡೆದರೆ ಕಲ್ಲು ಎರಡಾಗುತ್ತದೆ. ನಿಲ್ಲಿಸಿ, ಕಲ್ಲನ್ನು ತಿರುಗಿಸಿ, ಎದುರು ಬದಿಯಿಂದ ಬಿಡಿಸಿಕೊಂಡು ಬರಬೇಕು. ಇದನ್ನು ನಾನು ಬರೆಯುವುದು ಸುಲಭ, ಕೈ ಒಪ್ಪಲು ಒಂದು ವರ್ಷ ಬೇಕಾಯಿತು.

ಕೈಗೊಡಲಿಯ ಕೊನೆಯ ಹಂತಕ್ಕೆ ಕಲ್ಲಿನ ಸುತ್ತಿಗೆಗಿಂತ ಮೆತ್ತಗಿನದು ಬೇಕು. ಪರದೇಶದವರು ಜಿಂಕೆಯ ಕೊಂಬು ಬಳಸುತ್ತಾರೆ. ನಮ್ಮಲ್ಲಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರ ಆಸೆ ಬೇಡ. ಒಣಗಿದ ಜಾಲಿಯ ಕೊರಡು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಂಚನ್ನು ಒತ್ತಿ ಒತ್ತಿ ಸಣ್ಣ ಚಕ್ಕೆ ತೆಗೆಯಲು ಮರದ ಹಿಡಿಗೆ ಸಿಕ್ಕಿಸಿದ ತಾಮ್ರದ ದಪ್ಪ ತಂತಿ ಸಾಕು.

ಇನ್ನು ಮನೆಯ ಸಂಗತಿಗೆ ಬರುತ್ತೇನೆ. ಒಂದು ಮಧ್ಯಾಹ್ನ ಪಡಸಾಲೆಯ ಒಳಗೇ ಕೂತು ಗಾಜು ಒಡೆಯುತ್ತಿದ್ದೆ. ಹೊರಗೆ ಬಿಸಿಲು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಷ್ಟು ದಿನ ಜಲ್ಲಿ, ಗಾಯ, ಗಲಾಟೆ ಎಂದು ಗೊಣಗಿದ್ದಳೇ ಹೊರತು ಬೇಡವೆಂದಿರಲಿಲ್ಲ. ಅಂದು ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಹುಡಿ ತೇಲುತ್ತಿತ್ತು. ಅವಳು ನೋಡುತ್ತಿದ್ದದ್ದು ಅದನ್ನು. ಅದೇ ಹೊತ್ತಿಗೆ ನಾನು ಕೆಮ್ಮಿದೆ.

"ಏನ್ರೀ, ಸಾಕು ಇದು" ಎಂದಳು. ದನಿ ಬೇರೆಯಾಗಿತ್ತು. "ಮಾಮಾ ಅವರ ಕೆಮ್ಮು ಮೂರು ವರ್ಷ ಕೇಳೀನಿ. ರಾತ್ರಿಯೆಲ್ಲ ಬೆನ್ನು ನೀವೀನಿ. ಇನ್ನೊಮ್ಮೆ ನನ್ನಿಂದ ಆಗೂದಿಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮದುವೆಯಾದಾಗ ಅಬ್ಬಾನ ಕಾಯಿಲೆ ಶುರುವಾಗಿತ್ತು. ನಾನು ಬೆಳಿಗ್ಗೆ ಶಾಲೆಗೆ ಹೋಗಿಬಿಡುತ್ತಿದ್ದೆ. ಹಗಲೂ ರಾತ್ರಿ ನೋಡಿಕೊಂಡವಳು ಇಪ್ಪತ್ತರ ಹೊಸ ಸೊಸೆ. ಕಲ್ಲಿನ ಹುಡಿಯ ಬಗ್ಗೆ ಮಾತಾಡುವ ಹಕ್ಕು ನನಗಿಂತ ಅವಳಿಗೇ ಹೆಚ್ಚು. ಅಂದೇ ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕಿದೆ.

ನಾಲ್ಕು ತಿಂಗಳು ಅಟ್ಟದಲ್ಲೇ ಇತ್ತು. ಆ ನಾಲ್ಕು ತಿಂಗಳಲ್ಲಿ ನಾನು ಓದಿದೆ. ಇಂಗ್ಲೆಂಡಿನ ಬ್ರಾಂಡನ್ ಎಂಬ ಊರಿನಲ್ಲಿ ಬಂದೂಕಿನ ಚಕಮಕಿ ಕಲ್ಲು ಕೆತ್ತುವುದೇ ಕಸುಬಾಗಿತ್ತು. ನೆಪೋಲಿಯನ್ನನ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಅಲ್ಲಿಂದಲೇ ಕಲ್ಲು ಹೋಗುತ್ತಿತ್ತು. ಮುಚ್ಚಿದ ಕೋಣೆಗಳಲ್ಲಿ ಕೂತು ಕೆತ್ತಿದ ಆ ಜನ ಎಳೆಯ ವಯಸ್ಸಿನಲ್ಲೇ ಎದೆಯ ರೋಗದಿಂದ ಸತ್ತರು. ನಮ್ಮ ಗುಜರಾತಿನ ಖಂಭಾತಿನಲ್ಲೂ ಅದೇ ಕಥೆ. ಅಲ್ಲಿ ಅಗೇಟು ಕಲ್ಲಿನ ಮಣಿ ಮಾಡುವ ಕಸುಬು ಸಾವಿರಾರು ವರ್ಷ ಹಳೆಯದು. ಮಣಿಗಳನ್ನು ಉಜ್ಜಿ ನುಣುಪು ಮಾಡುವಾಗ ಏಳುವ ಹುಡಿ ಎಷ್ಟೋ ಕುಟುಂಬಗಳಿಗೆ ಸಿಲಿಕೋಸಿಸ್ ತಂದಿದೆ. ಅಬ್ಬಾ ಒಬ್ಬರೇ ಅಲ್ಲ, ದೊಡ್ಡ ಸಾಲೇ ಇದೆ ಎಂದು ತಿಳಿದಾಗ ಸಮಾಧಾನವಾಗಲಿಲ್ಲ. ಸಿಟ್ಟು ಬಂತು. ಕಲ್ಲು ಯಾರನ್ನೂ ಕೊಂದಿರಲಿಲ್ಲ. ಗಾಳಿಯಿಲ್ಲದ ಜಾಗ, ಮೂಗಿಗೊಂದು ರಕ್ಷಣೆಯಿಲ್ಲದ ಕೂಲಿ, ಕೆಲಸ ಏನೆಂದು ಕೇಳದ ಚಿಕಿತ್ಸೆ ಇವೆಲ್ಲ ಸೇರಿ ಕೊಂದಿದ್ದವು.

ನಮ್ಮ ಮಗಳು ನರ್ಸ್. ಅಮ್ಮ ಅಪ್ಪನ ನಡುವೆ ಅವಳು ಪಂಚಾಯ್ತಿ ಮಾಡಿದಳು. ಮೊದಲು ನನ್ನ ಎದೆಯ ಎಕ್ಸ್‌ರೇ ತೆಗೆಸಿದಳು. ಆಮೇಲೆ ಷರತ್ತುಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಹೊಸಬರು ಬಂದರೆ ನಾನು ಮೊದಲು ಓದಿಸುವುದು ಅದನ್ನೇ. ಮನೆಯೊಳಗೆ ಕೂಡದು, ಬಯಲಲ್ಲಿ, ಗಾಳಿ ಬೆನ್ನಿನ ಕಡೆಯಿಂದಲೋ ಪಕ್ಕದಿಂದಲೋ ಬೀಸುವಂತೆ ಕೂರಬೇಕು. ಕರವಸ್ತ್ರ ಸಾಲದು, ಸಣ್ಣ ಹುಡಿ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಕಣ್ಣಿಗೆ ಕನ್ನಡಕ. ತೊಡೆಯ ಮೇಲೆ ದಪ್ಪ ಚರ್ಮ, ಎಡಗೈಗೆ ಕೈಚೀಲ. ಕೆಳಗೆ ಹಾಸಿದ ತಾಡಪತ್ರಿಗೆ ಆಗಾಗ ನೀರು ಚಿಮುಕಿಸಬೇಕು. ಮುಗಿದ ಮೇಲೆ ಗುಡಿಸಬಾರದು, ಒದ್ದೆ ಮಾಡಿ ಮಡಚಿ ಎತ್ತಬೇಕು. ಆ ಬಟ್ಟೆ ಬೇರೆ ಬಟ್ಟೆಗಳ ಜೊತೆ ತೊಳೆಯಲು ಬೀಳಬಾರದು. ಒಂದು ದಿನಕ್ಕೆ ಒಂದು ಗಂಟೆ, ಅಷ್ಟೇ. ಹೆಂಡತಿ ಪಟ್ಟಿಯನ್ನು ಎರಡು ಸಲ ಓದಿದಳು. ಒಂದು ಬಕೆಟ್ ನೀರು ತಂದು ಹಿತ್ತಲಲ್ಲಿಟ್ಟು ಒಳಗೆ ಹೋದಳು. ಅದೇ ಅವಳ ಒಪ್ಪಿಗೆ.

ಖಂಭಾತಿನ ಕಸುಬುದಾರರ ಬಗ್ಗೆ ಓದಿದ್ದರಲ್ಲಿ ಧೈರ್ಯ ಕೊಟ್ಟ ಸಂಗತಿಯೂ ಒಂದಿತ್ತು. ಅವರು ನೆಲದಲ್ಲಿ ಓರೆಯಾಗಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲಿನ ಅಂಚನ್ನು ಆನಿಸಿ ಹಿಡಿದು, ತೆಳು ಬಿದಿರಿನ ಹಿಡಿಗೆ ಕೊಂಬಿನ ತಲೆ ಹಾಕಿದ ಸುತ್ತಿಗೆಯಿಂದ ಈಚೆಗೆ ಹೊಡೆಯುತ್ತಾರೆ. ಚಕ್ಕೆ ಏಳುವುದು ಆಚೆಗೆ, ಮೊನೆ ತಾಗಿದ ಕಡೆ. ಈ ಕಲ್ಲು ಬರುವ ರತನ್‌ಪುರದ ಬೆಟ್ಟದಲ್ಲಿ ಬಾಬಾ ಘೋರ್ ಎಂಬ ಸಿದ್ದಿ ಸಂತರ ದರ್ಗಾ ಇದೆ. ಅಗೇಟಿನ ಕಸುಬು ಅವರ ಕೃಪೆಯಿಂದ ಬಂದದ್ದೆಂದು ಅಲ್ಲಿನ ಜನ ನಂಬುತ್ತಾರೆ. ವ್ಯಾಲೆಂಟೈನ್ ರೂ ಮೊದಲಾದ ಫ್ರೆಂಚ್ ಸಂಶೋಧಕರು ಈ ಕಸುಬುದಾರರ ಕೈಚಳಕವನ್ನು ಅಳೆದು ನೋಡಿ 1995ರಲ್ಲಿ ಪ್ರಕಟಿಸಿದರು. ಉತ್ತಮ ದರ್ಜೆಯ ಉದ್ದ ಮಣಿ ಮಾಡುವ ಮಟ್ಟಕ್ಕೆ ಏರಲು ಏಳರಿಂದ ಹತ್ತು ವರ್ಷ ಬೇಕು. ಅದೂ ಮನೆಯಲ್ಲೇ ಕಸುಬು ನೋಡಿ ಬೆಳೆದವರಿಗೆ, ದಿನವಿಡೀ ಕೂತು ಮಾಡುವವರಿಗೆ. ವಿಧಾನ ಎಲ್ಲರಿಗೂ ಗೊತ್ತು, ಹೇಳು ಎಂದರೆ ಹೊಸಬನೂ ಸರಿಯಾಗಿ ಹೇಳುತ್ತಾನೆ. ತಿಳಿದದ್ದು ಕೈಗೆ ಇಳಿಯಲು ಮಾತ್ರ ಆ ಏಳೆಂಟು ವರ್ಷ. ಇದನ್ನು ಓದಿದ ಮೇಲೆ ನನ್ನ ಮೇಲಿನ ಸಿಟ್ಟನ್ನು ಬಿಟ್ಟೆ. ನಿಮಗೆ ಮೂರು ದಿನದಲ್ಲಿ ಬರಲಿಲ್ಲವೆಂದರೆ ನೀವು ದಡ್ಡರೆಂದಲ್ಲ. ಮೂರು ದಿನವಾಗಿದೆ ಎಂದಷ್ಟೇ ಅರ್ಥ.

ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಪ್ರದರ್ಶನಕ್ಕೆ ಕಲ್ಲಿನ ಆಯುಧ ಮಾಡಬೇಕೆಂದು ತಾಯಿಯ ಜೊತೆ ಬಂದಳು. ಗಾಜು ಮತ್ತು ಕಲ್ಲು ಸೇರಿ ಇಪ್ಪತ್ತು ತುಂಡು ಒಡೆದಳು. ಒಂದೂ ಸರಿಯಾಗಲಿಲ್ಲ. ಇಪ್ಪತ್ತೊಂದನೆಯದು ಬಹಳ ಚೆನ್ನಾಗಿ ಬಂತು, ಬಾದಾಮಿಯ ಆಕಾರ ಕಾಣತೊಡಗಿತು. ಕೊನೆಯ ಏಟಿಗೆ ನಡುವೆಯೇ ಮುರಿದು ಎರಡಾಯಿತು. ಅವಳು ಮಾಸ್ಕಿನ ಒಳಗೇ ಅಳಲು ಶುರುಮಾಡಿದಳು. "ನನ್ ಕೈಲಿ ಆಗಲ್ಲ ಸಾರ್" ಎಂದಳು.

ಮುಂದಿನ ಭಾನುವಾರ ಅವಳನ್ನೂ ಅವಳ ತಾಯಿಯನ್ನೂ ಹಿರೇಗುಡ್ಡಕ್ಕೆ ಕರೆದುಕೊಂಡು ಹೋದೆ. ಸಂಗನಕಲ್ಲು–ಕುಪಗಲ್ಲಿನ ಆ ಗುಡ್ಡದಲ್ಲಿ ಗ್ರಾನೈಟಿನ ನಡುವೆ ಕಪ್ಪು ಡೊಲೆರೈಟ್ ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ನವಶಿಲಾಯುಗದ ಜನ ಅದರಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಮೊದಲು ಚಕ್ಕೆ ಎಬ್ಬಿಸಿ ಒರಟು ಆಕಾರ, ಆಮೇಲೆ ಕುಟ್ಟಿ ಕುಟ್ಟಿ ಸಮ ಮಾಡುವುದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪು. ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ತೋಡುಗಳು ಇಂದಿಗೂ ಇವೆ. ಬೆರಳಾಡಿಸಿದರೆ ತಣ್ಣಗೆ, ನುಣ್ಣಗೆ ಹತ್ತುತ್ತವೆ.

"ನೆಲ ನೋಡು" ಎಂದೆ. ಕಾಲಿಟ್ಟ ಕಡೆಯೆಲ್ಲ ಕಪ್ಪು ಚಕ್ಕೆಗಳು. ಅವುಗಳ ನಡುವೆ ಅರ್ಧಕ್ಕೆ ಬಿಟ್ಟ ಕೊಡಲಿಗಳು. ಒಂದು ನಡುವೆ ಮುರಿದದ್ದು, ಇನ್ನೊಂದು ಒಂದು ಬದಿ ಗಂಟಾಗಿ ಉಳಿದದ್ದು. ಮುಟ್ಟದೆ, ಎತ್ತದೆ, ಕುಕ್ಕರಗಾಲಲ್ಲಿ ಕೂತು ನೋಡಿದೆವು. ಸರಿಯಾಗಿ ಬಂದ ಕೊಡಲಿಗಳು ಯಾರದೋ ಹೆಗಲೇರಿ ಊರು ಸೇರಿದವು. ಗುಡ್ಡದ ಮೇಲೆ ಉಳಿದದ್ದು ತಪ್ಪಿದ ಕೆಲಸ. ಹಳೆಯ ಜನ ಹೇಗೆ ಕೆಲಸ ಮಾಡುತ್ತಿದ್ದರೆಂದು ವಿದ್ವಾಂಸರು ಓದಿ ತಿಳಿದದ್ದು ಬಹುಪಾಲು ಈ ತಪ್ಪಿದ ಕೆಲಸದಿಂದಲೇ. ಹುಡುಗಿ ಮುರಿದ ಕೊಡಲಿಯೊಂದನ್ನು ಬಹಳ ಹೊತ್ತು ನೋಡಿ, "ಸಾರ್, ಇದು ನಂದರ ಹಂಗೇ ಮುರಿದೈತಿ" ಎಂದಳು.

ಫ್ರಾನ್ಸಿನ ಎತಿಯೋಲ್ ಎಂಬಲ್ಲಿ ಸಿಕ್ಕ ಶಿಲಾಯುಗದ ಬಿಡಾರವೊಂದರ ಕಥೆಯನ್ನು ಅಲ್ಲೇ ಅವಳಿಗೆ ಹೇಳಿದೆ. ಅಲ್ಲಿನ ಚಕ್ಕೆಗಳನ್ನೆಲ್ಲ ಮತ್ತೆ ಒಂದಕ್ಕೊಂದು ಜೋಡಿಸಿ ನೋಡಿದಾಗ, ಒಲೆಯ ಹತ್ತಿರ ಕೂತವರು ನಿಪುಣರು, ದೂರ ಕೂತವರು ಕಲಿಯುವವರು ಎಂದು ತಿಳಿಯಿತು. ಒಳ್ಳೆಯ ಕಲ್ಲು ಒಲೆಯ ಬಳಿ ಇತ್ತು. ಕಲಿಯುವವರ ಕೈಗೆ ಸಿಕ್ಕಿದ್ದು ಕಡಿಮೆ ದರ್ಜೆಯದು, ಅವರ ಏಟುಗಳಲ್ಲಿ ನಮ್ಮವೇ ತಪ್ಪುಗಳು. ಹತ್ತು ಸಾವಿರ ವರ್ಷಕ್ಕೂ ಹಿಂದೆ ಒಂದು ಮಗು ಬೆಂಕಿಯಿಂದ ದೂರ ಕೂತು, ಹಿರಿಯರ ಕಡೆ ನೋಡುತ್ತಾ ಕಲ್ಲು ಕೆಡಿಸಿದೆ. ಯಾರೂ ಅದನ್ನು ಎಬ್ಬಿಸಿ ಕಳಿಸಿಲ್ಲ.

ಇದಕ್ಕಿಂತ ಹಿಂದಕ್ಕೂ ಹೋಗಬಹುದು. ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯಲ್ಲಿ ಇಸಾಂಪುರವೆಂಬ ಹಳ್ಳಿಯಿದೆ. ಪ್ರೊಫೆಸರ್ ಕೆ. ಪದ್ದಯ್ಯ ಅವರು ಅಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳಿಂದ ಆಯುಧ ಮಾಡುತ್ತಿದ್ದ ಜಾಗವನ್ನು ಅಗೆದು ತೆಗೆದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ನಮ್ಮ ಜಾತಿಯ ಮನುಷ್ಯ ಆಗ ಹುಟ್ಟಿಯೇ ಇರಲಿಲ್ಲ. ಅಲ್ಲೂ ಆಯುಧಗಳ ಸುತ್ತ ಚಕ್ಕೆ, ಚೂರು, ಅರೆಬರೆ ಕೆಲಸ ರಾಶಿ ಬಿದ್ದಿತ್ತು. ನಮ್ಮ ಹಿತ್ತಲಿನ ಜಲ್ಲಿಗೆ ಎಂಥ ಮನೆತನವಿದೆ ನೋಡಿ!

ಒಂದು ಎಚ್ಚರಿಕೆಯ ಮಾತು. ಇಂಥ ನೆಲೆಗಳಿಂದ ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ, ನೀವು ಮಾಡಿದ್ದನ್ನು ಅಲ್ಲಿ ಬಿಟ್ಟೂ ಬರಬೇಡಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ 'ಫ್ಲಿಂಟ್ ಜ್ಯಾಕ್' ಎಂದು ಹೆಸರಾದ ಎಡ್ವರ್ಡ್ ಸಿಂಪ್ಸನ್ ಎಂಬವನು ತಾನು ಕೆತ್ತಿದ ಕಲ್ಲುಗಳನ್ನು ಪ್ರಾಚೀನವೆಂದು ಮಾರಿ ಮ್ಯೂಸಿಯಮ್ಮುಗಳನ್ನೇ ಮೋಸ ಮಾಡಿದ. ನಾವು ಬೇಕೆಂದು ಮಾಡದಿದ್ದರೂ ನಮ್ಮ ಚಕ್ಕೆಗಳು ನಾಳಿನವರನ್ನು ದಾರಿ ತಪ್ಪಿಸಬಹುದು. ನಾನು ನನ್ನ ಚೂರುಗಳನ್ನೆಲ್ಲ ಹಿತ್ತಲ ಗುಂಡಿಯಲ್ಲಿ ಹೂಳುತ್ತೇನೆ. ಪ್ರತಿ ಸಲವೂ ಆ ವರ್ಷದ ಒಂದು ರೂಪಾಯಿ ನಾಣ್ಯ ಹಾಕುತ್ತೇನೆ. ಮಾಡಿದ ಆಯುಧದ ಮೇಲೆ ತಾರೀಖು ಬರೆಯುತ್ತೇನೆ.

ಹುಡುಗಿಯ ಪ್ರದರ್ಶನಕ್ಕೆ ನಾವು ಕೈಗೊಡಲಿ ಇಡಲಿಲ್ಲ. ಅವಳು ಮುರಿದ ಇಪ್ಪತ್ತೊಂದು ತುಂಡುಗಳನ್ನೂ ಸಾಲಾಗಿ ಜೋಡಿಸಿ, ಒಂದೊಂದು ಏಕೆ ತಪ್ಪಿತೆಂದು ಕೆಳಗೆ ಬರೆದಳು. ಕೋನ ಹೆಚ್ಚಾಯಿತು, ಅಂಚು ಉಜ್ಜಲಿಲ್ಲ, ಕಲ್ಲಿನಲ್ಲಿ ಮೊದಲೇ ಬಿರುಕಿತ್ತು, ಸಿಟ್ಟಿನಲ್ಲಿ ಹೊಡೆದೆ. ಬಹುಮಾನ ಬರಲಿಲ್ಲ. ಆದರೆ ಈಗಲೂ ರಜೆಯ ದಿನ ಬರುತ್ತಾಳೆ.

ಕಲ್ಲಿನಲ್ಲಿ ಮೊದಲೇ ಬಿರುಕಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ಅವಳು ಕೇಳಿದ್ದಳು. ಕಲ್ಲನ್ನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಬೇಕು. ಕಂಚಿನಂತೆ ನಾದ ಬಂದರೆ ಒಳ್ಳೆಯದು, ಬೋದಾಗಿ ಬಂದರೆ ಒಳಗೆ ಒಡಕಿದೆ. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಆರೇಳು ವರ್ಷದ ಹುಡುಗ ನಾನು ಸೈಕಲ್ಲಿನ ಹಿಂದೆ ಕೂತು ಹೋದಾಗ, ಅಬ್ಬಾ ಯಾರದೋ ಮನೆಯ ಅಂಗಳದಲ್ಲಿ ಬೀಸುವ ಕಲ್ಲನ್ನು ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದುದು ಕಣ್ಣ ಮುಂದಿದೆ. ಸುತ್ತಿಗೆ ಮುಟ್ಟಗೊಡದಿದ್ದರೂ ಕಿವಿಯನ್ನು ಕೊಟ್ಟುಹೋಗಿದ್ದರು. ಈಗ ಬರುವ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ, ಇದು ನಮ್ಮ ತಂದೆಯಿಂದ ಬಂದದ್ದು, ಅವರು ಕಲ್ಲು ಒಡೆಯುತ್ತಿದ್ದರು ಎಂದು ಹೇಳುತ್ತೇನೆ. ಮಾತು ಬದಲಿಸುವುದಿಲ್ಲ.

ಮೊನ್ನೆ ಕೃಷ್ಣಾ ನದಿಯ ಕಡೆಯ ಒಂದು ಉರುಟು ಕಲ್ಲಿನಿಂದ ಒಳ್ಳೆಯ ಚಕ್ಕೆಯೊಂದು ಎದ್ದಿತು. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಅಂಚು ಪಾರದರ್ಶಕ. ತೊಳೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುಂದಿದ್ದ ಟೊಮೆಟೊ ಮೇಲೆ ಎಳೆದಳು. ಟೊಮೆಟೊ ಸದ್ದಿಲ್ಲದೆ ಎರಡಾಯಿತು. ಇನ್ನೊಂದು ಕೊಯ್ದಳು. ಅರ್ಧ ಕಿಲೋ ಮುಗಿಸಿದಳು.

"ಪರ್ವಾಗಿಲ್ಲ, ಈಳಿಗೆಗಿಂತ ಚಂದ ಕೊಯ್ತದ" ಎಂದು ಚಕ್ಕೆಯನ್ನು ತೊಳೆದು ಸೌಟು ಚಮಚಗಳ ಜೊತೆ ನೇತುಹಾಕಿದ ಡಬ್ಬಿಯಲ್ಲಿ ಇಟ್ಟಳು. ನಾನು ಹಿತ್ತಲಿಗೆ ಹೊರಟೆ. ಹಿಂದಿನಿಂದ ಕೂಗಿದಳು, "ಏನ್ರೀ, ಮಾಸ್ಕ್ ಇಲ್ಲೇ ಬಿಟ್ಟು ಹೊಂಟೀರಿ."